ಸಹಾಯ ಬೇಕ್ರೀ, ಅವ್ವನ ಪಾಸ್‌ಪೋರ್ಟ್ ಕಳದೈತಿ, 19ಕ್ಕ ದುಬೈ ಫ್ಲೈಟ್

ಪುಣೆ ಕನ್ನಡಿಗರಿಗೆಲ್ಲಾ ನಮಸ್ಕಾರ್ರೀ. ಭಾಳ ಟೆನ್ಶನ್‌ನಾಗ ಬರೀಲಿಕತ್ತೀನಿ, ಯಾರಿಗರೆ ಗೊತ್ತಿದ್ರ ದಯವಿಟ್ಟು ಹೇಳ್ರಿ. ನಮ್ಮ ತಂಗಿ ದುಬೈದಾಗ ಇರ್ತಾಳ, ಈ ತಿಂಗಳ ಕೊನೀಗೆ ಡೆಲಿವರಿ, ಬಾಣಂತನಕ್ಕಂತ ಅವ್ವ 19ಕ್ಕ ಮುಂಬೈದಿಂದ ಹೊರಡಬೇಕು. ನಿನ್ನೆ ಮುಂಜಾನಿ ಧಾರವಾಡ ಬಸ್ ಇಳದು ಸ್ವಾರಗೇಟ್‌ನಾಗ ಆಟೋ ಹಿಡದು ಕೋಥ್ರೂಡ್‌ಗೆ ಬಂದ್ವಿ, ಬ್ಯಾಗ್ ಇಳಿಸಿದ್ವಿ, ಅಂಟಿನುಂಡಿ ಡಬ್ಬಿ ಇಳಿಸಿದ್ವಿ, ಸೀಟಿನ ಹಿಂದ ಇಟ್ಟಿದ್ದ ನೀಲಿ ರೆಕ್ಸಿನ್ ಚೀಲ ಅಲ್ಲೇ ಉಳೀತು. ಅದರಾಗ ಪಾಸ್‌ಪೋರ್ಟ್, ಮತ್ತ ಕೂಸಿಗೆ ಅವ್ವ ಕೈಲೆ ಹೊಲಿದ ಹಸಿರು ಕುಂಚಿಗಿ. ಆಟೋ ನಂಬರ್ ನೋಡ್ಕೊಂಡಿಲ್ಲ.

ಪೊಲೀಸ್ ಕಂಪ್ಲೇಂಟ್ ಕೊಟ್ಟೀವಿ. ಹಳೇ ಪಾಸ್‌ಪೋರ್ಟಿನ ಝೆರಾಕ್ಸ್, ಆಧಾರ್ ಐತಿ. ಕಳದದ್ದಕ್ಕ ಅನೆಕ್ಷರ್ ಎಫ್ ಅಫಿಡವಿಟ್ ಬೇಕು, ತತ್ಕಾಲ್‌ನಾಗ 36 ಪೇಜಿಂದು 5000 ರೂಪಾಯಿ ಅಂತ ತಿಳಕೊಂಡೀನಿ. ಆದ್ರ ವೀಸಾ ಹಳೇ ನಂಬರಿಗೇ ಆಗೇದ, ಹೊಸ ಪಾಸ್‌ಪೋರ್ಟ್ ಬಂದ್ರೂ ಅದು ನಡೆಯಂಗಿಲ್ಲಂತ, ನನಗ ಅದ ದೊಡ್ಡ ಚಿಂತಿ.

ಮುಂಢವಾ ಪಾಸ್‌ಪೋರ್ಟ್ ಕೇಂದ್ರದಾಗ ಇತ್ತೀಚಿಗೆ ಕಳದ ಪಾಸ್‌ಪೋರ್ಟಿಗೆ ತತ್ಕಾಲ್ ಮಾಡಿಸಿದವರು ಯಾರರೆ ಇದ್ದೀರೇನ್ರಿ? ಎಷ್ಟು ದಿನಕ್ಕ ಕೈಗೆ ಬಂತು? ಕಳದೈತಿ ಅಂತ ಪೊಲೀಸರಿಗೆ ಆನ್‌ಲೈನ್ ಕೊಡೋ ರಿಪೋರ್ಟ್ ನಡೀತೇನು, ಸ್ಟೇಷನ್ ಸಿಕ್ಕಾ ಇರಾಕಬೇಕೇನು? ಪಾಸ್‌ಪೋರ್ಟ್ ಕಳದೈತಿ ಅಂತ ಒಮ್ಮೆ ಬರಕೊಟ್ಟ ಮ್ಯಾಲೆ ಹಳೇದು ಸಿಕ್ರ ಉಪಯೋಗ ಇಲ್ಲ ಅಂತಾರ, ಹಂಗಾಗಿ ಫಾರ್ಮ್ ತುಂಬೋದು ಒಂದಿನ ತಡೀಲೋ ಇವತ್ತೇ ಮಾಡ್ಲೋ? ಅವ್ವ ನಿನ್ನೆಯಿಂದ ಸರಿಯಾಗಿ ಉಂಡಿಲ್ರೀ, ಮಗಳ ಮುಂದ ಹೇಳಬ್ಯಾಡ ಅಂತ ಕೈ ಹಿಡದು ಕುಂತಾಳ. ತಂಗೀಗೆ ಇನ್ನೂ ಹೇಳಿಲ್ಲ.

ಸ್ವಾರಗೇಟ್ ಸ್ಟ್ಯಾಂಡಿನ ಆಟೋದವರ ಪರಿಚಯ ಇದ್ದವರು ಆ ನೀಲಿ ಚೀಲದ ಬಗ್ಗೆ ಒಂದು ಮಾತು ಕೇಳಿ ನೋಡ್ರಿ, ನನಗ ಇನ್‌ಬಾಕ್ಸ್ ಮಾಡ್ರಿ, ರಾತ್ರಿ ಎಷ್ಟೊತ್ತಾದ್ರೂ ನೋಡ್ತೀನಿ.