ಅಳಿಯನ ಕಾದ ಫೋನಿಗೆ ಮಾಮನ ಉತ್ತರ

ತಮ್ಮಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನೂ ಅದರ ಕೆಳಗೆ ಬ್ಯಾಟರಿ ಸೇವರ್ ಆಪ್ ಹಾಕಿಕೊ ಎಂದು ಕಾಕಾ ಅವರು ಕೊಟ್ಟ ಸಲಹೆಯನ್ನೂ ಇಂದು ಬೆಳಿಗ್ಗೆ ಓದಿದೆ. ಟೈಪ್ ಮಾಡುತ್ತ ಕುಳಿತರೆ ಮಧ್ಯಾಹ್ನವಾದೀತೆಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಸಂದೇಶ ಉದ್ದವಾಗುತ್ತದೆ, ಬೇಸರವಾದವರು ವೇಗ ಹೆಚ್ಚಿಸಿಕೊಂಡು ಕೇಳಬಹುದು. ಪ್ರಶ್ನೆ ನೋಡದವರಿಗಾಗಿ ಹೇಳುವುದಾದರೆ, ಮೂರು ವರ್ಷದ ಹಿಂದೆ ಕೊಂಡ ಇವನ ಫೋನ್ ಈಗ ಶೇಕಡಾ 20ರಷ್ಟು ಬ್ಯಾಟರಿ ತೋರಿಸುತ್ತಿರುವಾಗಲೇ ಆರಿಹೋಗುತ್ತದೆ, ಮಧ್ಯಾಹ್ನ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ. ಇದನ್ನು ಬಿಟ್ಟು 120 ವ್ಯಾಟ್ ಚಾರ್ಜಿಂಗ್ ಇರುವ ಹೊಸ ಫೋನ್ ಕೊಳ್ಳಲೋ, ಇದಕ್ಕೇ ಕಸ್ಟಮ್ ರಾಮ್ (ROM), ಅಂದರೆ ಬೇರೆಯವರು ಕಟ್ಟಿದ ಆಂಡ್ರಾಯ್ಡ್ ಹಾಕಿ ಹಗುರ ಮಾಡಲೋ ಎಂದು ಅಳಿಯ ಕೇಳಿದ್ದಾನೆ. ಜೊತೆಗೆ ಅಂಗಡಿಯೊಂದರಲ್ಲಿ ಕಂಡ ₹350ರ ಚಾರ್ಜರಿನ ಚಿತ್ರವನ್ನೂ ಹಾಕಿದ್ದಾನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡೂ ಬೇಡ, ಬ್ಯಾಟರಿ ಬದಲಾಯಿಸು. ನೀನೇ ಹಾಕಿದ ಸ್ಕ್ರೀನ್‌ಶಾಟಿನ ಪ್ರಕಾರ ನಿನ್ನ ಫೋನಿಗೆ ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿದೆ, ಕ್ಯಾಮೆರಾ ಚೆನ್ನಾಗಿದೆ, ಪರದೆ ಒಡೆದಿಲ್ಲ. ಸುಸ್ತಾಗಿರುವುದು ಬ್ಯಾಟರಿಯೊಂದೇ. ಲಿಥಿಯಂ ಅಯಾನ್ ಬ್ಯಾಟರಿಗೆ ವಯಸ್ಸಾದಂತೆ ಅದರ ಒಳಗಿನ ರೋಧ, ಅಂದರೆ ವಿದ್ಯುತ್ ಹರಿವಿಗೆ ಇರುವ ತಡೆ, ಹೆಚ್ಚುತ್ತದೆ. ನೀನು ಕ್ಯಾಮೆರಾ ತೆರೆದಾಗ ಅಥವಾ ಆಟ ಆಡುವಾಗ ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುತ್ತದೆ, ಆಗ ಬ್ಯಾಟರಿಯ ವೋಲ್ಟೇಜ್ ಧುತ್ತನೆ ಕುಸಿಯುತ್ತದೆ, ಫೋನ್ ತನ್ನ ರಕ್ಷಣೆಗಾಗಿ ತಾನೇ ಆರಿಹೋಗುತ್ತದೆ. ಶೇಕಡಾ 20 ಎಂಬ ಲೆಕ್ಕ ಪೂರ್ತಿ ಸುಳ್ಳಲ್ಲ, ಆದರೆ ಆ ಉಳಿದ 20ನ್ನು ಬೇಕೆಂದಾಗ ಕೊಡುವ ಶಕ್ತಿ ಆ ಬ್ಯಾಟರಿಯಲ್ಲಿ ಉಳಿದಿಲ್ಲ. 2017ರಲ್ಲಿ ಆಪಲ್ ಹಳೆಯ ಐಫೋನ್‌ಗಳ ವೇಗವನ್ನು ಗುಟ್ಟಾಗಿ ತಗ್ಗಿಸಿ ಸಿಕ್ಕಿಬಿದ್ದದ್ದು ಇದೇ ಕಾರಣಕ್ಕೆ. ಹೀಗೆ ಆರಿಹೋಗುವುದನ್ನು ತಡೆಯಲೆಂದೇ ಹಾಗೆ ಮಾಡಿದ್ದಾಗಿ ಅವರು ಒಪ್ಪಿಕೊಂಡು, ಮರುವರ್ಷ ಕಡಿಮೆ ದರದಲ್ಲಿ ಬ್ಯಾಟರಿ ಬದಲಾಯಿಸಿಕೊಟ್ಟರು.

ಕಾಕಾ, ತಪ್ಪು ತಿಳಿಯಬೇಡಿ, ತಾವು ಹೇಳಿದ ಬ್ಯಾಟರಿ ಸೇವರ್ ಆಪ್‌ನಿಂದ ಇದು ಸರಿಹೋಗುವುದಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದಲೇ, ಬಳಸದೆ ಇಟ್ಟ ಫೋನಿನಲ್ಲಿ ಆಪ್‌ಗಳನ್ನು ಮಲಗಿಸಿಡುವ ವ್ಯವಸ್ಥೆ ಇದೆ. ಅದರ ಮೇಲೆ ಇನ್ನೊಂದು ಆಪ್ ಕೂತು ಎಲ್ಲವನ್ನೂ ಮುಚ್ಚುವುದು, ಮುಚ್ಚಿದವು ಮತ್ತೆ ಏಳುವುದು, ಅದನ್ನು ಮತ್ತೆ ಮುಚ್ಚುವುದು, ಈ ಜಗ್ಗಾಟದಲ್ಲೇ ಚಾರ್ಜ್ ಖರ್ಚಾಗುತ್ತದೆ. ತಮ್ಮಾ, ಹಾಕಲೇಬೇಕೆಂದಿದ್ದರೆ ಅಕ್ಯುಬ್ಯಾಟರಿ ಎಂಬ ಆಪ್ ಹಾಕಿ ಒಂದು ವಾರ ಬಿಡು. ಅದು ಏನನ್ನೂ ಉಳಿಸುವುದಿಲ್ಲ, ಬ್ಯಾಟರಿಯ ಸಾಮರ್ಥ್ಯ ಎಷ್ಟು ಉಳಿದಿದೆ ಎಂಬುದನ್ನು ಚಾರ್ಜ್ ಮಾಡಿದಾಗಲೆಲ್ಲ ಅಂದಾಜು ಮಾಡಿ ಹೇಳುತ್ತದೆ.

ಇನ್ನು ಫೋನ್ ಬಿಸಿಯಾಗುವ ಮಾತು. ನಮ್ಮೂರಿನಲ್ಲಿ ಫೋನ್ ಕೊಳ್ಳುವವರು ವ್ಯಾಟ್, ಮೆಗಾಪಿಕ್ಸೆಲ್ ಎಲ್ಲ ಕೇಳುತ್ತಾರೆ, ಬಿಸಿಲಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಐಫೋನನ್ನು ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ ಇರುವಲ್ಲಿ ಬಳಸಿರಿ ಎಂದು ಆಪಲ್ ಸ್ಪಷ್ಟವಾಗಿ ಬರೆದಿದೆ, ಬೇರೆ ಫೋನ್‌ಗಳ ಬ್ಯಾಟರಿಗೂ ಇದಕ್ಕಿಂತ ಬೇರೆಯ ಗುಣವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಎರಡೂ ಕಡೆ 40 ದಾಟುವುದು ಹೊಸ ಸುದ್ದಿಯಲ್ಲ. ಅಂದರೆ ನಮ್ಮ ಫೋನ್‌ಗಳು ವರ್ಷದಲ್ಲಿ ಕೆಲವು ತಿಂಗಳು ತಯಾರಕರು ಹೇಳಿದ ಮಿತಿಯ ಹೊರಗೇ ಬದುಕುತ್ತವೆ. ಬ್ಯಾಟರಿಯನ್ನು ಎಲ್ಲಕ್ಕಿಂತ ಬೇಗ ಮುಪ್ಪಾಗಿಸುವುದು ಪೂರ್ತಿ ಚಾರ್ಜ್ ಮತ್ತು ಬಿಸಿ, ಇವೆರಡೂ ಕೂಡಿದಾಗ. ನಾನೇ ಹೋದ ವರ್ಷ ಮೇ ತಿಂಗಳಲ್ಲಿ ಕಿಟಕಿಯ ಕಟ್ಟೆಯ ಮೇಲೆ ಫೋನನ್ನು ಚಾರ್ಜಿಗಿಟ್ಟು ಮರೆತು ಊಟ ಮಾಡಿ ಮಲಗಿಬಿಟ್ಟೆ. ಎದ್ದು ನೋಡಿದರೆ ಬಿಸಿಲು ತಿರುಗಿ ಅದರ ಮೇಲೇ ಬಿದ್ದಿತ್ತು. ಒಂದು ತಿಂಗಳಲ್ಲಿ ಬ್ಯಾಟರಿ ಉಬ್ಬಿ ಹಿಂಬದಿಯ ಹೊದಿಕೆ ಎದ್ದು ನಿಂತಿತು. ಹಾಗೆ ಉಬ್ಬಿದ್ದು ಕಂಡರೆ ಅದನ್ನು ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ. ತಂಪು ಮಾಡುತ್ತೇನೆಂದು ಫ್ರಿಜ್‌ನಲ್ಲಿ ಇಡುವವರೂ ಇದ್ದಾರೆ, ನೀರಿನ ಕೊಡದ ಮೇಲೆ ಇಟ್ಟವರನ್ನೂ ನೋಡಿದ್ದೇನೆ. ಫ್ರಿಜ್‌ನಿಂದ ಹೊರಗೆ ತೆಗೆದಾಗ ಫೋನಿನ ಒಳಗೂ ಹನಿಗಟ್ಟಬಹುದು. ಕವರ್ ಬಿಚ್ಚಿ ನೆರಳಿನಲ್ಲಿ ಫ್ಯಾನಿನ ಕೆಳಗಿಟ್ಟರೆ ಸಾಕು.

ನಿನ್ನ ಸೆಟ್ಟಿಂಗಿನ ಬ್ಯಾಟರಿ ವಿಭಾಗದಲ್ಲಿ ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆಯೇ ನೋಡು. ಸ್ಯಾಮ್‌ಸಂಗ್‌ನವರು ಇಂಥ ಮಿತಿಯನ್ನು ಕೊಟ್ಟು ಬಹಳ ಕಾಲವಾಯಿತು, ಐಫೋನ್ 15ರಿಂದ ಆಪಲ್‌ನಲ್ಲೂ ಬಂದಿದೆ. ಹೊಸ ಬ್ಯಾಟರಿ ಹಾಕಿಸಿದ ದಿನದಿಂದಲೇ ಅದನ್ನು ಚಾಲೂ ಮಾಡಿಡು. ಊರಿಗೆ ಹೊರಟ ದಿನ ಮಾತ್ರ 100 ಮಾಡಿಕೊ.

ಈಗ ಆ ಚಾರ್ಜರ್. ಡಬ್ಬಿಯ ಮೇಲೆ ದೊಡ್ಡದಾಗಿ 120 ವ್ಯಾಟ್ ಎಂದಿರುವುದನ್ನು ಬಿಟ್ಟು, ಚಾರ್ಜರಿನ ಮೈಮೇಲೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಔಟ್‌ಪುಟ್ ಎಂದು ಬರೆದ ಸಾಲನ್ನು ಓದು. ನೀನು ಹಾಕಿದ ಚಿತ್ರವನ್ನು ನಾನು ಹಿಗ್ಗಿಸಿ ನೋಡಿದೆ. ಅಲ್ಲಿರುವುದು 5 ವೋಲ್ಟ್ 3 ಆಂಪಿಯರ್ ಮತ್ತು 9 ವೋಲ್ಟ್ 2 ಆಂಪಿಯರ್. ಗುಣಿಸಿದರೆ 15 ಮತ್ತು 18 ವ್ಯಾಟ್, 120 ಎಲ್ಲಿಂದ ಬಂತೋ ಅಂಗಡಿಯವರೇ ಹೇಳಬೇಕು. ನಿಜವಾದ 120 ವ್ಯಾಟ್ ಫೋನ್‌ಗಳು ಸಾಮಾನ್ಯವಾಗಿ ಬ್ಯಾಟರಿಯನ್ನು ಎರಡು ಕೋಶಗಳಾಗಿ ಒಡೆದು, ತಮ್ಮದೇ ಚಾರ್ಜರ್, ತಮ್ಮದೇ ಕೇಬಲ್ ಇದ್ದಾಗ ಮಾತ್ರ ಆ ವೇಗ ಕೊಡುತ್ತವೆ. ಅದೂ ಮೊದಲ ಕೆಲವು ನಿಮಿಷ ಮಾತ್ರ, ತುಂಬುತ್ತ ಬಂದಂತೆ ಫೋನೇ ವೇಗ ತಗ್ಗಿಸುತ್ತದೆ. 42 ಡಿಗ್ರಿಯ ಮಧ್ಯಾಹ್ನ ಫೋನ್ ಅದಾಗಲೇ ಕಾದಿದ್ದರೆ ಆ ಮೊದಲ ನಿಮಿಷಗಳೂ ಸಿಗುವ ಭರವಸೆಯಿಲ್ಲ. ಆದ್ದರಿಂದ ನಮ್ಮ ಕಡೆಯ ಬೇಸಿಗೆಯಲ್ಲಿ 120 ವ್ಯಾಟ್ ನೋಡಿ ಫೋನ್ ಕೊಳ್ಳುವುದು ನನಗೆ ದುಡ್ಡು ದಂಡವಾಗಿ ಕಾಣುತ್ತದೆ.

ಬೇರೆ ಬೇರೆ ಕಂಪನಿಯ ಫೋನ್‌ಗಳಿಗೆ ಹೊಂದುವ ಚಾರ್ಜಿಂಗ್ ಪದ್ಧತಿಯಾದ ಯುಎಸ್‌ಬಿ ಪವರ್ ಡೆಲಿವರಿ ಮತ್ತು ಪಿಪಿಎಸ್ ಎರಡೂ ಇರುವ, 25ರಿಂದ 45 ವ್ಯಾಟಿನ ಒಂದು ಒಳ್ಳೆಯ ಚಾರ್ಜರ್ ಕೊಂಡರೆ ಮನೆಯ ಎಲ್ಲ ಫೋನ್‌ಗಳಿಗೂ ನಡೆಯುತ್ತದೆ. ಪಿಪಿಎಸ್ ಎಂದರೆ ಫೋನ್ ತನಗೆ ಬೇಕಾದ ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಸಣ್ಣ ಸಣ್ಣ ಮೆಟ್ಟಿಲಲ್ಲಿ ಚಾರ್ಜರಿನಿಂದ ಕೇಳಿ ಪಡೆಯುವ ಏರ್ಪಾಡು, ಅದರಿಂದ ಫೋನಿನ ಒಳಗೆ ಹುಟ್ಟುವ ಬಿಸಿ ಕಡಿಮೆಯಾಗುತ್ತದೆ. ಕೇಬಲ್ ವಿಷಯದಲ್ಲಿ ಒಂದೇ ಮಾತು: ಸಾಮಾನ್ಯ ಟೈಪ್ ಸಿ ಕೇಬಲ್ 3 ಆಂಪಿಯರಿಗೆ ನಿಲ್ಲುತ್ತದೆ, 5 ಆಂಪಿಯರ್ ಬೇಕೆಂದರೆ ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು. ಚಾರ್ಜರಿನ ಮೇಲೆ ಭಾರತದ ಮಾನಕ ಸಂಸ್ಥೆಯಾದ ಬಿಐಎಸ್‌ನ ಗುರುತಿನೊಂದಿಗೆ ಆರ್ ಅಕ್ಷರದಿಂದ ಶುರುವಾಗುವ ಒಂದು ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯ ಹೆಸರಿನಲ್ಲಿದೆ ಎಂದು ಅಂಗಡಿಯಲ್ಲಿ ನಿಂತಲ್ಲೇ ತಿಳಿಯುತ್ತದೆ. ನಾನು ಸೂಪರ್ ಮಾರ್ಕೆಟಿನಲ್ಲಿ ಹೀಗೆ ನೋಡುತ್ತ ನಿಂತಾಗ ಅಂಗಡಿಯವರು ತಾವಾಗಿಯೇ ಬೇರೆ ಡಬ್ಬಿ ತೆಗೆದುಕೊಟ್ಟದ್ದುಂಟು.

ನೀನು ದಿನಾಲೂ ಗಾಡಿಯ ಹ್ಯಾಂಡಲಿಗೆ ಫೋನ್ ಸಿಕ್ಕಿಸಿಕೊಂಡು ಶಹಾಪುರಕ್ಕೆ ಹೋಗುತ್ತೀಯಲ್ಲ, ಅದನ್ನು ದಯವಿಟ್ಟು ನಿಲ್ಲಿಸು. ಬಿಸಿಲು ನೇರವಾಗಿ ಬೀಳುವುದೊಂದು ತೊಂದರೆಯಾದರೆ, ಇಂಜಿನ್ನಿನ ನಡುಕದಿಂದ ಕ್ಯಾಮೆರಾದಲ್ಲಿ ಚಿತ್ರ ಅಲುಗದಂತೆ ತಡೆಯುವ ಸೂಕ್ಷ್ಮ ಭಾಗ ಕೆಡಬಹುದೆಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿದೆ. ದಾರಿ ಕೇಳಬೇಕಿದ್ದರೆ ಕಿವಿಗೆ ಒಂದು ಇಯರ್‌ಫೋನ್ ಸಿಕ್ಕಿಸಿಕೊ ಎನ್ನುತ್ತಿದ್ದೆ, ಆದರೆ ನಿಮ್ಮ ಅವ್ವ ಈ ಸಂದೇಶ ಕೇಳುತ್ತಾಳೆ, ಬೇಡ. ಆ ದಾರಿ ನಿನಗೆ ಗೊತ್ತಿರುವುದೇ.

ಪರದೆಯ ಮೇಲೆ ಅಂಟಿಸುವ ಗಾಜಿನ ಬಗ್ಗೆ ತಂಗಿ ಕೇಳಿದ್ದಳು. ಅದರ ಡಬ್ಬಿಯ ಮೇಲಿನ 9ಎಚ್ ಎಂಬುದು ಪೆನ್ಸಿಲ್ಲಿನಿಂದ ಗೀಚಿ ನೋಡುವ ಪರೀಕ್ಷೆಯ ಅಂಕ, ಖನಿಜಗಳ ಗಡಸುತನ ಅಳೆಯುವ, ವಜ್ರಕ್ಕೆ 10 ಕೊಡುವ ಮೋಸ್ (Mohs) ಮಾಪನದ 9 ಅಲ್ಲ. ಮರಳಿನ ಕಣ ಗಾಜಿಗಿಂತ ಗಟ್ಟಿ, ಮನೆ ಕಟ್ಟುವ ಕಡೆ ಓಡಾಡಿ ಬಂದ ಜೇಬಿನಲ್ಲಿ ಅದು ಇದ್ದೇ ಇರುತ್ತದೆ. ನಮ್ಮ ಮನೆಯ ಶಹಾಬಾದ್ ಫರಸಿ ಮಾತ್ರ ಸುಣ್ಣಕಲ್ಲು, ಅದು ಗಾಜನ್ನು ಗೀಚುವುದು ಕಷ್ಟ, ಬಿದ್ದರೆ ಒಡೆಯುವುದಷ್ಟೇ.

ಕಸ್ಟಮ್ ರಾಮ್ ಎಂದರೆ ಮೆಮೊರಿ ಅಲ್ಲ, ಕಂಪನಿ ಕೊಟ್ಟ ಆಂಡ್ರಾಯ್ಡನ್ನು ತೆಗೆದು ಬೇರೆಯವರು ಕಟ್ಟಿದ ಆಂಡ್ರಾಯ್ಡ್ ಹಾಕುವುದು. ಈ ಹುಚ್ಚು ನನಗೂ ಇದ್ದದ್ದು ಗುಂಪಿಗೆಲ್ಲ ಗೊತ್ತು. ಸಯನೋಜನ್‌ಮಾಡ್ ಎಂಬ ರಾಮ್ ಇದ್ದ ಕಾಲದಿಂದ ಹಾಕುತ್ತ ಬಂದವನು ನಾನು, 2016ರ ಕೊನೆಗೆ ಅದು ಮುಚ್ಚಿ ಲಿನಿಯೇಜ್ ಓಎಸ್ ಆದ ಮೇಲೂ ಬಿಡಲಿಲ್ಲ. ಅಪ್‌ಡೇಟ್ ನಿಂತುಹೋದ ಹಳೆಯ ಫೋನಿಗೆ ಅದು ಮರುಜನ್ಮವೇ ಸರಿ. ಆದರೆ ರಾಮ್ ಹಾಕಲು ಬೂಟ್‌ಲೋಡರ್, ಅಂದರೆ ಫೋನ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶದ ಬೀಗ, ತೆರೆದ ಕೂಡಲೇ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಫೋನಿನ ತಂತ್ರಾಂಶ ತಿದ್ದಿದ್ದಾರೆಯೇ ಎಂದು ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ ಫೋನ್ ಫೇಲಾಗಿ ಬ್ಯಾಂಕಿನ ಆಪ್‌ಗಳು ತೆರೆಯದೆ ಹೋಗಬಹುದು. ಗಂಜ್ ಮಾರುಕಟ್ಟೆಯಲ್ಲಿ ಒಮ್ಮೆ ತೊಗರಿಬೇಳೆ ಚೀಲ ಗಾಡಿಗೆ ಏರಿಸಿದ ಮೇಲೆ ನನ್ನ ಯುಪಿಐ ಆಪ್ ಹೀಗೇ ಕೈಕೊಟ್ಟಿತು, ಪುಣ್ಯಕ್ಕೆ ಅಂಗಡಿಯವರು ಪರಿಚಯದವರಾದ್ದರಿಂದ ಉದ್ರಿ ಬರೆದುಕೊಂಡರು. ಹಣ ಕಟ್ಟುವ ಫೋನ್ ನಿನ್ನ ಬಳಿ ಇರುವುದು ಇದೊಂದೇ. ರಾಮ್ ಹಾಕಿ ಕಲಿಯುವ ಆಸೆಯಿದ್ದರೆ ನನ್ನ ಕಪಾಟಿನಲ್ಲಿರುವ ಹಳೆಯ ಫೋನ್ ಕೊಡುತ್ತೇನೆ, ಅದನ್ನು ಎಷ್ಟು ಸಲ ಬೇಕಾದರೂ ಕೆಡಿಸು.

ಹಗುರವೇ ಬೇಕೆಂದರೆ ಲಾಂಚರ್, ಅಂದರೆ ಫೋನಿನ ಮುಖಪರದೆ ತೋರಿಸುವ ಆಪ್, ಬದಲಾಯಿಸಿದರೆ ಸಾಕು. ನಾನು ವರ್ಷಗಟ್ಟಲೆ ನೋವಾ ಬಳಸಿದವನು. 2022ರಲ್ಲಿ ಅದನ್ನು ಬ್ರಾಂಚ್ ಎಂಬ ಕಂಪನಿ ಕೊಂಡ ಮೇಲೆ ಮನಸ್ಸು ಹಿಂದೆ ಸರಿದು ಲಾನ್‌ಚೇರ್‌ಗೆ ಬಂದೆ. ಇನ್ನೂ ಸರಳವಾದದ್ದು ಬೇಕಿದ್ದರೆ ಕಿಸ್ ಲಾಂಚರ್ ನೋಡು, ಹೆಸರು ಓದಿ ನಗಬೇಡ, ಬಹಳ ಪುಟ್ಟ ಆಪ್ ಅದು. ನಿನ್ನದು ಪ್ರತಿ ಚುಕ್ಕೆಯೂ ತಾನೇ ಬೆಳಗುವ ಅಮೋಲೆಡ್ ಪರದೆಯಾದ್ದರಿಂದ ಅಪ್ಪಟ ಕಪ್ಪು ವಾಲ್‌ಪೇಪರ್ ಇಟ್ಟರೆ ಕಪ್ಪಿರುವಷ್ಟು ಜಾಗದ ದೀಪಗಳು ಆರಿಯೇ ಇರುತ್ತವೆ. ಥೀಮ್ ಅಂಗಡಿಯ ಚಂದದ ಫಾಂಟ್‌ಗೆ ದುಡ್ಡು ಕೊಡಬೇಡ, ಅವುಗಳಲ್ಲಿ ಬಹುಪಾಲಿಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ, ಇಂಗ್ಲಿಷ್ ಮಾತ್ರ ಬದಲಾಗಿ ಕನ್ನಡ ಹಾಗೇ ಉಳಿಯುತ್ತದೆ.

ಬ್ಯಾಟರಿಯನ್ನು ನಿನ್ನ ಫೋನಿನ ಅಧಿಕೃತ ಸೇವಾ ಕೇಂದ್ರದಲ್ಲೇ ಹಾಕಿಸು, ಬೀದಿಯ ಅಂಗಡಿಯದು ಅರ್ಧ ಬೆಲೆಗೆ ಸಿಕ್ಕರೂ ಅದು ಎಷ್ಟು ವರ್ಷ ಗೋದಾಮಿನಲ್ಲಿ ಬಿದ್ದಿತ್ತೆಂದು ಗೊತ್ತಾಗುವುದಿಲ್ಲ. ಒಮ್ಮೆ ಬಿಚ್ಚಿದ ಮೇಲೆ ನೀರು ತಡೆಯುವ ಅಂಟು ಮೊದಲಿನಂತೆ ಕೂರುತ್ತದೆಂದು ನಂಬಬೇಡ. ಕೊಡುವ ಮೊದಲು ಫೋಟೋ ಮತ್ತು ವಾಟ್ಸಾಪ್ ಬ್ಯಾಕಪ್ ತೆಗೆದುಕೊ. ಭಾನುವಾರ ಬೆಳಗಿನ ರೈಲಿಗೆ ಕಲಬುರಗಿಗೆ ಬಂದರೆ ಇಬ್ಬರೂ ಕೂತು ಮಾಡೋಣ, ಬರುವಾಗ ನಿನ್ನ ಈಗಿನ ಚಾರ್ಜರನ್ನೂ ಕೇಬಲ್ಲನ್ನೂ ತಾ, ಅವುಗಳ ಮೈಮೇಲೆ ಏನು ಬರೆದಿದೆ ಎಂದು ಒಮ್ಮೆ ನೋಡಬೇಕು.