ಕುದುರೆಗೆ ವಿಮೆ ಮಾಡಿಸೋದಾ, ಬೇಡ್ವಾ? ಪಶುವೈದ್ಯರ ಜೊತೆ ಪ್ರಶ್ನೋತ್ತರ

ಒಬ್ಬ ಸದಸ್ಯರು: ನಮಸ್ಕಾರ ಡಾಕ್ಟ್ರೇ. ನಮ್ಮ ಹತ್ತಿರ 11 ವರ್ಷದ ಹೆಣ್ಣು ಕುದುರೆ ಇದೆ. ಸವಾರಿಗೆ ಮಾತ್ರ, ರೇಸು ಸ್ಪರ್ಧೆ ಏನೂ ಇಲ್ಲ. ಹಿಂದೊಮ್ಮೆ ಹೊಟ್ಟೆಶೂಲೆ ಬಂದಿತ್ತು, ಇಂಜೆಕ್ಷನ್‌ಗೇ ಇಳಿಯಿತು. ವಿಮೆ ಮಾಡಿಸಿ ಅಂತ ಕೆಲವರು, ಸುಮ್ನೆ ದುಡ್ಡು ದಂಡ ಅಂತ ಇನ್ನು ಕೆಲವರು ಹೇಳುತ್ತಾರೆ. ವರ್ಷಾವರ್ಷ ಕಟ್ಟೋ ಹಣವನ್ನು ನಾವೇ ಬೇರೆ ಎತ್ತಿಟ್ಟರೆ ಸಾಲದಾ?

ಡಾಕ್ಟರ್: ಮೊದಲು ಯಾವ ವಿಮೆ ಅಂತ ನೋಡಬೇಕು. ಕುದುರೆ ಸತ್ತರೆ ಅದರ ಬೆಲೆ ಕೊಡುವುದು ಒಂದು. ಚಿಕಿತ್ಸೆ, ಆಪರೇಷನ್ ಖರ್ಚು ಕೊಡುವುದು ಇನ್ನೊಂದು. ಕುದುರೆ ಬದುಕಿದ್ದರೂ ಕೆಲಸಕ್ಕೆ ಬಾರದೆ ಹೋದರೆ ಕೊಡುವುದು ಮೂರನೆಯದು. ನಿಮ್ಮ ಕುದುರೆಯಿಂದ ಬೇರೆಯವರಿಗೆ ಹಾನಿಯಾದರೆ ಕೊಡುವುದು ನಾಲ್ಕನೆಯದು. ಜನ ಮೊದಲನೆಯದರ ಬಗ್ಗೆಯೇ ಜಾಸ್ತಿ ಯೋಚಿಸುತ್ತಾರೆ. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಕೊನೆಯದು.

ಯಾಕೆ ಅಂದರೆ, ಕುದುರೆ ಸತ್ತರೆ ಎಷ್ಟು ನಷ್ಟ ಅಂತ ನಿಮಗೆ ಈಗಲೇ ಗೊತ್ತು. ಅದು ಕೊಟ್ಟು ತಂದ ಬೆಲೆಯ ಆಸುಪಾಸು. ಆದರೆ ಅದು ಬೇಲಿ ಹಾರಿ ರಾತ್ರಿ ರಸ್ತೆಗೆ ಬಂದು, ಬೈಕಿನಲ್ಲಿ ಬರುತ್ತಿದ್ದವರು ಡಿಕ್ಕಿ ಹೊಡೆದರೆ? ಆ ಪರಿಹಾರ ಎಲ್ಲಿಗೆ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು. ಎತ್ತಿಟ್ಟ ಹಣ ಅದಕ್ಕೆ ಸಾಲುವುದಿಲ್ಲ.

ಇನ್ನು ಚಿಕಿತ್ಸೆ. ಇಲ್ಲಿ ಹೊಟ್ಟೆಶೂಲೆಯದೇ ದೊಡ್ಡ ಕಥೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಸಣ್ಣ ಕರುಳೇ ಸುಮಾರು 20 ಮೀಟರ್ ಉದ್ದ. ದೊಡ್ಡ ಕರುಳಿನ ಬಹುಭಾಗ ಹೊಟ್ಟೆಯೊಳಗೆ ಸಡಿಲವಾಗಿದೆ, ಹಾಗಾಗಿ ತಿರುಚಿಕೊಳ್ಳಬಹುದು. ಹೆಚ್ಚಿನ ಶೂಲೆ ಔಷಧಿಗೇ ಇಳಿಯುತ್ತದೆ. ಕರುಳು ಪೂರ್ತಿ ತಿರುಚಿದರೆ ಮಾತ್ರ ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗಬೇಕು, ಇಲ್ಲವೇ ಕುದುರೆ ಉಳಿಯುವುದಿಲ್ಲ. ಆಪರೇಷನ್ ಮುಗಿದ ಮೇಲೂ ವಾರಗಟ್ಟಲೆ ಲಾಯದಲ್ಲೇ ಇಡಬೇಕು.

ಆದ್ದರಿಂದ ಮನೆಯವರೆಲ್ಲ ಕೂತು ಒಂದು ಮಾತು ತೀರ್ಮಾನಿಸಿ: ನಡುರಾತ್ರಿ ನಾನು "ಹೊಟ್ಟೆ ತೆರೆಯಲೇಬೇಕು" ಅಂದರೆ, ನೀವು ಹೂಂ ಅನ್ನುತ್ತೀರಾ? ಸಮಯಕ್ಕೆ ಮುಟ್ಟುವಷ್ಟು ದೂರದಲ್ಲಿ ಕುದುರೆಗೆ ಆಪರೇಷನ್ ಮಾಡುವ ಆಸ್ಪತ್ರೆ ಇದೆಯಾ? ಎರಡರಲ್ಲಿ ಒಂದಕ್ಕೆ ಉತ್ತರ "ಇಲ್ಲ" ಅಂತಾದರೂ, ಆಪರೇಷನ್ ಆಸೆಗೆ ಚಿಕಿತ್ಸೆಯ ಪಾಲಿಸಿ ತೆಗೆದುಕೊಳ್ಳಬೇಡಿ. ಎರಡಕ್ಕೂ ಹೌದು, ಆದರೆ ಒಂದೇ ಸಲ ಅಷ್ಟು ಹಣ ಹೊಂದಿಸಲು ಆಗುವುದಿಲ್ಲ ಅಂತಾದರೆ, ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ. ಎತ್ತಿಡುವ ಹಣ ಬೆಳೆಯಲು ವರ್ಷಗಳು ಬೇಕು. ಕರುಳು ಅಲ್ಲಿಯವರೆಗೆ ಕಾಯುತ್ತದೆ ಅನ್ನುವ ಹಾಗಿಲ್ಲ.

ಅದೇ ಸದಸ್ಯರು: ಹಳೆಯ ಶೂಲೆಯ ವಿಷಯ ಫಾರ್ಮ್‌ನಲ್ಲಿ ಬರೆಯಲೇಬೇಕಾ? ಒಂದೇ ಸಲ ಬಂದಿದ್ದು, ಅಲ್ವಾ?

ಡಾಕ್ಟರ್: ಬರೆಯಲೇಬೇಕು. ಕ್ಲೇಮ್ ಬಂದಾಗ ಕಂಪನಿ ಮೊದಲು ಕೇಳುವುದೇ ಹಳೆಯ ಚಿಕಿತ್ಸೆಯ ದಾಖಲೆ. ಮುಚ್ಚಿಟ್ಟದ್ದು ಗೊತ್ತಾದರೆ ಪಾಲಿಸಿಯೇ ಬಿದ್ದುಹೋಗಬಹುದು. (ನಮ್ಮ ಪುಸ್ತಕದಿಂದ ಆ ಸಾಲು ತೆಗೆದುಬಿಡಿ ಅಂತ ದಯವಿಟ್ಟು ಯಾವ ಡಾಕ್ಟರನ್ನೂ ಕೇಳಬೇಡಿ.) ಬರೆದರೆ ಏನಾಗಬಹುದು ಅಂದರೆ, ಶೂಲೆಯೊಂದನ್ನು ಬಿಟ್ಟು ಉಳಿದದ್ದಕ್ಕೆ ವಿಮೆ ಕೊಡುತ್ತೇವೆ ಅನ್ನಬಹುದು. ಆಗ ಲೆಕ್ಕವೇ ಬದಲಾಗುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ನಮ್ಮ ಕುದುರೆಗೆ ವಿಮೆ ಇತ್ತು. ಮುಂಗಾಲಿನ ಗೊರಸಿನ ರೋಗ, ವಾಸಿಯಾಗಲ್ಲ ಅಂದರು. ನೋವು ನೋಡಲಾಗದೆ ದಯಾಮರಣ ಕೊಡಿಸಿದೆವು. ಮೊದಲೇ ಯಾಕೆ ತಿಳಿಸಲಿಲ್ಲ ಅಂತ ಕಂಪನಿ ಕ್ಲೇಮ್ ತಡೆದಿದೆ.

ಡಾಕ್ಟರ್: ಬೇಸರದ ವಿಷಯ. ದಯಾಮರಣಕ್ಕೆ ಮೊದಲು ಒಪ್ಪಿಗೆ ಕೇಳಬೇಕು ಅನ್ನುವ ಷರತ್ತು ಇಂಥ ಪಾಲಿಸಿಗಳಲ್ಲಿ ಸಾಮಾನ್ಯ. ಕಾಲು ಮುರಿದು ಬಿದ್ದಿದೆ, ಒಂದು ನಿಮಿಷವೂ ಕಾಯಿಸಬಾರದು ಅನ್ನುವಂಥ ತುರ್ತಿಗೆ ವಿನಾಯಿತಿ ಇರುತ್ತದೆ. ದಿನಗಟ್ಟಲೆ ನಡೆದ ಕಾಯಿಲೆಗೆ ಆ ವಿನಾಯಿತಿ ಸಿಗುವುದು ಕಷ್ಟ. ನಿಮ್ಮ ಡಾಕ್ಟರ್ ಆ ದಿನ ಏನು ಕಂಡರು, ಯಾಕೆ ತಡ ಮಾಡುವ ಹಾಗಿರಲಿಲ್ಲ ಅಂತ ಅವರಿಂದಲೇ ಬರೆಸಿಕೊಂಡು ಮೇಲ್ಮನವಿ ಹಾಕಿ. ಎಕ್ಸ್‌ರೇ ಇದ್ದರೆ ಜೊತೆಗಿಡಿ. ಉಳಿದವರು ಕಂಪನಿಯ ತುರ್ತು ನಂಬರನ್ನು ಲಾಯದ ಬಾಗಿಲಿಗೇ ಅಂಟಿಸಿ. ಕಂಪನಿ ಮರಣೋತ್ತರ ಪರೀಕ್ಷೆಯನ್ನೂ ಕೇಳಬಹುದು. ಅವಸರದಲ್ಲಿ ಹೂತುಬಿಡಬೇಡಿ.

ಒಂದು ವಿಷಯ ತುಂಬಾ ಜನ ತಪ್ಪು ತಿಳಿದಿದ್ದಾರೆ. ಕುಂಟುತ್ತಿದೆ, ಸವಾರಿಗೆ ಆಗುವುದಿಲ್ಲ, ಆದರೆ ಮೇಯ್ದುಕೊಂಡು ಆರಾಮಾಗಿದೆ. ಇಂಥ ಕುದುರೆಗೆ ಮರಣದ ವಿಮೆಯಿಂದ ಏನೂ ಬರುವುದಿಲ್ಲ.

ಮತ್ತೊಬ್ಬರು: ನಮ್ಮದಕ್ಕೆ 19 ವರ್ಷ. ಈಗ ಮಾಡಿಸಬಹುದಾ?

ಡಾಕ್ಟರ್: ಆ ವಯಸ್ಸಿಗೆ ಕೆಲವರು ಕೊಡುವುದೇ ಇಲ್ಲ, ಕೆಲವರು ಅಪಘಾತಕ್ಕೆ ಮಾತ್ರ ಕೊಡುತ್ತಾರೆ. ಬೇರೆಯವರಿಗೆ ಆಗುವ ಹಾನಿಯದ್ದು ಸಿಕ್ಕರೆ ಮಾಡಿಸಿ. ಉಳಿದ ಹಣ ಹಲ್ಲು, ಗೊರಸು, ಲಸಿಕೆಗೆ ಇಡಿ.

ಮೊದಲ ಸದಸ್ಯರು: ಹಾಗಾದರೆ ನಮ್ಮ ಕುದುರೆಗೆ ಏನು ಹೇಳುತ್ತೀರಿ ಡಾಕ್ಟ್ರೇ?

ಡಾಕ್ಟರ್: ಹಾನಿಯ ವಿಮೆ ಮಾಡಿಸಿ. ಮರಣದ್ದು ಬೇಡ ಅಂತ ನನಗನಿಸುತ್ತದೆ, ಸಾಲ ಮಾಡಿ ತಂದಿದ್ದರೆ ಬೇರೆ ಮಾತು. ಆದರೆ ಕೆಲವು ಕಡೆ ಮರಣದ ವಿಮೆ ಇಲ್ಲದೆ ಚಿಕಿತ್ಸೆಯದ್ದು ಕೊಡುವುದಿಲ್ಲ, ಅದನ್ನೂ ವಿಚಾರಿಸಿ. ಶೂಲೆಯನ್ನು ಹೊರಗಿಡುತ್ತೀರಾ ಅಂತ ಕಂಪನಿಯಿಂದ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಹೊರಗಿಟ್ಟರೆ ನಾನಂತೂ ಚಿಕಿತ್ಸೆಯ ವಿಮೆ ಬಿಟ್ಟು ಆ ಹಣ ಎತ್ತಿಡುತ್ತೇನೆ.