ಸಿಗಂದೂರು ಸೇತುವೆಯ ಆ ಫೋಟೊ

ಭಾನುವಾರ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪ ಒಂದು ಸ್ಕ್ರೀನ್‌ಶಾಟ್ ಹಾಕಿದರು. ನನ್ನ ತಂಗಿಯ ಸ್ಟೇಟಸ್ ಅದು. ಸಿಗಂದೂರಿನ ಹೊಸ ಸೇತುವೆ ಮೇಲೆ ನಿಂತಿದ್ದಾಳೆ, ಕೂದಲು ಗಾಳಿಗೆ ಹಾರುತ್ತಿದೆ, ನಗುತ್ತಿದ್ದಾಳೆ. ತಂಗಿ ಈಗ ಗುಂಪಿನಲ್ಲಿ ಇಲ್ಲ. ಫೋನ್ ಸದ್ದಾದರೆ ಬೆಚ್ಚಿಬೀಳುತ್ತಾಳೆ ಅಂತ ಎಲ್ಲ ಗುಂಪುಗಳಿಂದ ಹೊರಗೆ ಬಂದಿದ್ದಾಳೆ.

ಆಮೇಲೆ ಮಧ್ಯಾಹ್ನದವರೆಗೆ ನಡೆದ ಮಾತನ್ನು ಇಲ್ಲಿ ಹಾಕುತ್ತಿದ್ದೇನೆ. ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ಹಾಕುತ್ತಿರುವುದು. ಹೆಸರುಗಳನ್ನು ಬದಲಿಸಿದ್ದೇನೆ.

ದೊಡ್ಡಪ್ಪ: ಇದನ್ನು ನೋಡಿ. ಸ್ಟ್ರೆಸ್ ಅಂತ ಆಫೀಸಿಗೆ ಸಿಕ್ ಲೀವ್, ಇಲ್ಲಿ ಸೇತುವೆ ಮೇಲೆ ಫೋಟೊ. ನಾನು 36 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಹುಷಾರಿಲ್ಲ ಅಂತ ರಜೆ ಹಾಕಿದವರು ಪೇಟೆ ಕಡೆ ತಲೆ ಹಾಕುತ್ತಿರಲಿಲ್ಲ. ಕಂಡವರು ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಇರುತ್ತಿತ್ತು.

ಅಮ್ಮ: ಭಾವ, ತೆಗೆದುಹಾಕು ಅಂತ ಈಗಲೇ ಅವಳಿಗೆ ಹೇಳುತ್ತೇನೆ.

ನಾನು: ಅಮ್ಮಾ, ಹೇಳಬೇಡ. ಅವಳು ಮಲಗಿದ್ದಾಳೆ. ಸ್ವಲ್ಪ ತಡಿ.

ರಘು ಅಣ್ಣ: ದೊಡ್ಡಪ್ಪ ಹೇಳುವುದರಲ್ಲಿ ಅರ್ಥ ಇದೆ. ನಮ್ಮ ಹುಡುಗಿಯ ಮಾತು ಬಿಡಿ, ನಾನು ಕಂಡದ್ದು ಹೇಳುತ್ತೇನೆ. ನನ್ನ ಟೀಮಿನಲ್ಲಿ 7 ಜನ. ಹೋದ ವರ್ಷ ಒಬ್ಬ ಹುಡುಗ ಇದೇ ಕಾರಣಕ್ಕೆ 3 ವಾರ ರಜೆ ಹೋದ. ಅವನ ಕೆಲಸವನ್ನು ಉಳಿದ 6 ಜನ ಹಂಚಿಕೊಂಡರು. ಒಂದು ರಾತ್ರಿ 11 ಗಂಟೆಗೆ ರಿಲೀಸ್ ಮುಗಿಸಿ ಫೋನ್ ತೆಗೆದರೆ, ಅವನು ಗೋಕರ್ಣದ ಬೀಚಿನಲ್ಲಿ. ಟೀಮಿನ ಇನ್ನೊಬ್ಬ ಹುಡುಗಿ ಆ ಫೋಟೊ ನನಗೇ ತೋರಿಸಿ, "ನನಗೂ ಸ್ಟ್ರೆಸ್ ಇದೆ ಸರ್, ನಾನೂ ಹೋಗಲಾ?" ಅಂದಳು. ನಾನು ಏನು ಉತ್ತರ ಕೊಡಬೇಕಿತ್ತು?

ರಘು ಅಣ್ಣನ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಅದಕ್ಕೆ ಉತ್ತರ ಕೊಡಲೇಬೇಕು ಅನ್ನಿಸಿತು. ಆದರೆ ಮೊದಲು ಆ ಫೋಟೊದ ವಿಷಯ ಹೇಳಬೇಕಿತ್ತು.

ನಾನು: ದೊಡ್ಡಪ್ಪ, ಆ ಫೋಟೊ ತೆಗೆದವಳು ನಾನೇ. ಬೆಂಗಳೂರಿನಿಂದ ಅವಳನ್ನು ಸಾಗರಕ್ಕೆ ಕರೆತಂದು 5 ವಾರ ಆಯಿತು. ಮೊದಲ ಎರಡು ವಾರ ಅವಳು ಕೋಣೆಯ ಬಾಗಿಲು ದಾಟಲಿಲ್ಲ. ತಲೆ ಬಾಚಿಕೊಳ್ಳಲಿಲ್ಲ. ರಾತ್ರಿ ಮೂರೂವರೆಗೆ ನಾನು ಎದ್ದರೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಊಟಕ್ಕೆ ಕರೆದರೆ ಬಂದು ಕೂರುತ್ತಿದ್ದಳು, ಅನ್ನ ಕಲಸುತ್ತಿದ್ದಳು, ಕಲಸಿದ್ದು ಹಾಗೇ ತಟ್ಟೆಯಲ್ಲಿ ಇರುತ್ತಿತ್ತು. ಅಮ್ಮನಿಗೆ ಇದೆಲ್ಲ ಗೊತ್ತು.

ಮೊನ್ನೆ ಡಾಕ್ಟರ್ ಹೇಳಿದರು: ದಿನಾ ಒಂದು ಗಂಟೆ ಮನೆಯಿಂದ ಹೊರಗೆ ಇರಬೇಕು, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಯಾವುದಾದರೂ ಒಂದು ಕೆಲಸ ಮಾಡಬೇಕು, ಮನಸ್ಸು ಬರಲಿ ಬಿಡಲಿ. ಮಾತ್ರೆ ಚೀಟಿಯ ಕೆಳಗೆ ಬರೆದೇ ಕೊಟ್ಟಿದ್ದಾರೆ. ಅವಳಿಗೆ ಮೊದಲಿನಿಂದ ಫೋಟೊ ಹುಚ್ಚು ಅಲ್ವಾ? ಅದಕ್ಕೇ ಸಿಗಂದೂರಿಗೆ ಹೋದೆವು. ಎರಡೂ ಕಾಲು ಕಿಲೋಮೀಟರ್‌ಗಿಂತ ಉದ್ದದ ಸೇತುವೆ, ನಾವು ನೂರಿನ್ನೂರು ಹೆಜ್ಜೆ ನಡೆದಿರಬಹುದು. ಎಡಗೈಯಲ್ಲಿ ಕಂಬಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾಳೆ ಅಂತ ಫೋಟೊ ದೊಡ್ಡದು ಮಾಡಿ ನೋಡಿ. ಬೆರಳ ಗಿಣ್ಣು ಬೆಳ್ಳಗಾಗಿದೆ. ಹಿಂದೆ ಬಂದ ಟೆಂಪೊ ಟ್ರಾವೆಲರ್‌ನವನು ಹಾರ್ನ್ ಹೊಡೆದ. ಅಷ್ಟಕ್ಕೇ ನಡುಗಿ, ಕಾರಿಗೆ ಬಂದು ಕೂತು ಅತ್ತಳು. ಫೋಟೊದಲ್ಲಿ ಅದು ಇಲ್ಲ.

ವೀಣಾ ಚಿಕ್ಕಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಗುಂಪಿನಲ್ಲಿ ಮಾತಾಡುವುದು ಕಡಿಮೆ.

ವೀಣಾ ಚಿಕ್ಕಮ್ಮ: ಡಾಕ್ಟರ್ ಹೇಳಿದ್ದು ಸರಿಯಾಗಿದೆ. ಅದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತಾರೆ, ಅದೂ ಚಿಕಿತ್ಸೆಯೇ. ಉತ್ಸಾಹ ಬಂದ ಮೇಲೆ ಹೊರಗೆ ಹೋಗುತ್ತೇನೆ ಅಂತ ಕೂತರೆ ಉತ್ಸಾಹ ಬರುವುದೇ ಇಲ್ಲ. ಮೊದಲು ಕಾಲು ಹೊರಗೆ ಇಡಬೇಕು, ಮನಸ್ಸು ಆಮೇಲೆ ಬರುತ್ತದೆ. ಜ್ವರ ಬಂದವರಿಗೆ ಮಲಗಿ ಅನ್ನುತ್ತೇವೆ. ಇದರಲ್ಲಿ ಮಲಗಿದಷ್ಟೂ ಜಾಸ್ತಿ ಆಗುತ್ತದೆ.

ದೊಡ್ಡಪ್ಪ: ಹೊರಗೆ ಹೋಗಲಿ, ಬೇಡ ಅನ್ನಲಿಲ್ಲ. ಫೋಟೊ ತೆಗೆದುಕೊಳ್ಳಲಿ. ಊರಿಗೆಲ್ಲ ತೋರಿಸುವುದು ಯಾಕೆ? ಅದೂ ಔಷಧಿಯಾ?

ಇದೇ ಪ್ರಶ್ನೆ ನಾನೂ ಅವಳಿಗೆ ಕೇಳಿದ್ದೆ, ವಾಪಸ್ ಬರುವಾಗ ಕಾರಿನಲ್ಲಿ. ಅವಳ ಉತ್ತರವನ್ನು ಅವಳ ಮಾತಿನಲ್ಲೇ ಬರೆದೆ.

ನಾನು: ಅವಳು ಹೇಳಿದ್ದು ಇಷ್ಟು: "ಅಕ್ಕ, ಎಷ್ಟೊಂದು ಜನ ಹೇಗಿದ್ದೀಯ ಅಂತ ಕಳಿಸಿದ್ದಾರೆ. ಒಬ್ಬರಿಗೂ ಉತ್ತರ ಬರೆಯೋಕೆ ಆಗ್ತಿಲ್ಲ. ಬರೆಯಲಿಲ್ಲ ಅಂತ ಬೇರೆ ಸಂಕಟ. ಈ ಫೋಟೊ ನೋಡಿದರೆ ಚೆನ್ನಾಗಿದ್ದಾಳೆ ಅಂದುಕೊಂಡು ಸುಮ್ಮನಾಗ್ತಾರೆ."

ದೊಡ್ಡಪ್ಪ, ಅವಳು ಮೆರೆಯೋಕೆ ಹಾಕಿದ್ದಲ್ಲ. ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಅದು. ಅಳುತ್ತಿರುವ ಫೋಟೊ ಹಾಕಿದ್ದರೆ ನಂಬುತ್ತಿದ್ದೆವಾ? ಆಗಲೂ ನಾಟಕ ಅನ್ನುತ್ತಿದ್ದೆವು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 2018ರಲ್ಲಿ ನಿಮಗೆ ಎರಡು ಸ್ಟೆಂಟ್ ಹಾಕಿದರು. ಎರಡು ತಿಂಗಳು ರಜೆಯಲ್ಲಿ ಇದ್ದಿರಿ. ದಿನಾ ನಡೆಯಬೇಕು ಅಂತ ಡಾಕ್ಟರ್ ಹೇಳಿದ್ದಕ್ಕೆ ಬೆಳಿಗ್ಗೆ ಗಣಪತಿ ಕೆರೆ ಹತ್ತಿರ ನಡೆಯುತ್ತಿದ್ದಿರಿ. ಬಿಳಿ ಟೋಪಿ ಹಾಕಿಕೊಂಡು ನಗುತ್ತಿದ್ದ ನಿಮ್ಮ ಫೋಟೊ ಇದೇ ಗುಂಪಿನಲ್ಲಿ ಬಂತು. ನಾವೆಲ್ಲ ಕೈಮುಗಿದು ದೇವರು ದೊಡ್ಡವನು ಅಂದೆವು. ನಡೆಯೋಕೆ ಆಗುವವರಿಗೆ ಬ್ಯಾಂಕಿಗೆ ಹೋಗೋಕೆ ಏನು ಕಷ್ಟ ಅಂತ ಒಬ್ಬರೂ ಕೇಳಲಿಲ್ಲ. ಯಾಕೆಂದರೆ ಸ್ಟೆಂಟು ನಮ್ಮ ಲೆಕ್ಕದಲ್ಲಿ ಕಾಯಿಲೆ. ಇವಳದ್ದು ಅಲ್ಲ.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಏನೂ ಬರಲಿಲ್ಲ. ಅಷ್ಟು ಗಟ್ಟಿಯಾಗಿ ಬರೆದೆನಲ್ಲ ಅಂತ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ನಮ್ಮಿಬ್ಬರನ್ನೂ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರು.

ರಘು ಅಣ್ಣ: ಹೃದಯದ್ದಕ್ಕೆ ರಿಪೋರ್ಟ್ ಇರುತ್ತದೆ. ಇದಕ್ಕೆ ಏನಿದೆ? ಬರ್ನ್‌ಔಟ್, ಅಂದರೆ ಕೆಲಸದ ಒತ್ತಡಕ್ಕೆ ಪೂರ್ತಿ ಸೋತುಹೋಗುವುದು, ಕಾಯಿಲೆ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ವೀಣಾ ಚಿಕ್ಕಮ್ಮ: ಅರ್ಧ ಸರಿ ರಘು. 2019ರಲ್ಲಿ ಅವರು ಬರ್ನ್‌ಔಟನ್ನು ಕೆಲಸದಿಂದ ಬರುವ ಸ್ಥಿತಿ ಅಂತ ಸೇರಿಸಿದರು, ರೋಗ ಅಂತ ಅಲ್ಲ. ಆದರೆ ಅದರ ಹೊಡೆತಕ್ಕೆ ಡಿಪ್ರೆಶನ್ ಬರಬಹುದು, ಆ್ಯಂಗ್ಸೈಟಿ ಬರಬಹುದು. ಅವು ರೋಗಗಳೇ. ನಿಮ್ಹಾನ್ಸ್‌ನವರು 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದರು. ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನರಿಗೆ ಮಾನಸಿಕ ತೊಂದರೆ ಇತ್ತು. ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಚಿಕಿತ್ಸೆಗೆ ಬಂದ ಒಬ್ಬಳನ್ನು ನಾವು ಹೀಗೆ ಮಾತಾಡಿಸಿದರೆ ಉಳಿದವರು ಬರುತ್ತಾರಾ?

ರಘು ಅಣ್ಣ: ಹಾಗಾದರೆ ಇವಳ ಚೀಟಿಯಲ್ಲಿ ಏನು ಬರೆದಿದ್ದಾರೆ?

ನಾನು: ಅದನ್ನು ಹೇಳಲ್ಲ ಅಣ್ಣ. ಅವಳು ಹೇಳಬೇಕು ಅನ್ನಿಸಿದಾಗ ಅವಳೇ ಹೇಳುತ್ತಾಳೆ.

ಆ ಹೊತ್ತಿಗೆ ಮ್ಯೂನಿಕ್‌ನಲ್ಲಿರುವ ಪ್ರಸನ್ನ ಎದ್ದಿದ್ದ.

ಪ್ರಸನ್ನ: ಎಲ್ಲ ಈಗ ಓದಿದೆ. ಇಲ್ಲಿ ಜರ್ಮನಿಯಲ್ಲಿ ಡಾಕ್ಟರ್ ರಜೆ ಬರೆದರೆ ಆ ವಿವರ ಈಗ ಆನ್‌ಲೈನಿನಲ್ಲೇ ಹೋಗುತ್ತದೆ, 2023ರಿಂದ. ಎಷ್ಟು ದಿನ ಅಂತ ಮಾತ್ರ ಕಂಪನಿಗೆ ಕಾಣುತ್ತದೆ, ಯಾವ ಕಾಯಿಲೆ ಅಂತ ಕಾಣುವುದಿಲ್ಲ. 6 ವಾರ ಕಂಪನಿ ಪೂರ್ತಿ ಸಂಬಳ ಕೊಡಬೇಕು. ರಜೆಯಲ್ಲಿ ಹಾಸಿಗೆ ಮೇಲೇ ಇರಬೇಕು ಅಂತ ನಿಯಮ ಇಲ್ಲ. ಗುಣವಾಗುವುದನ್ನು ತಡ ಮಾಡುವ ಕೆಲಸ ಮಾಡಬಾರದು, ಅಷ್ಟೇ. ಬೆನ್ನು ನೋವು ಅಂತ ರಜೆ ಹಾಕಿ ಮನೆ ಸಾಮಾನು ಹೊತ್ತರೆ ತಪ್ಪು. ಮನಸ್ಸು ಸರಿ ಇಲ್ಲದವರು ಬೆಟ್ಟ ಹತ್ತಿದರೆ ತಪ್ಪಲ್ಲ. ಆದರೂ ಇಲ್ಲೂ ಜನ ಫೋಟೊ ನೋಡಿ ಆಡಿಕೊಳ್ಳುತ್ತಾರೆ, ಅದು ಇಲ್ಲ ಅನ್ನಲ್ಲ.

ರಘು ಅಣ್ಣ: ಆರು ವಾರ ಸಂಬಳ ಕೊಟ್ಟರೆ ನಮ್ಮ ಕಂಪನಿ ಮುಚ್ಚಬೇಕು.

ನಾನು: ನಮ್ಮಲ್ಲಿ ಎಷ್ಟು ಕೊಡುತ್ತಾರೆ ಗೊತ್ತಲ್ವಾ ಅಣ್ಣ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಕಾಯಿಲೆಗೆ ಸಂಬಳದ ರಜೆ ವರ್ಷಕ್ಕೆ 12 ದಿನ. ಅವಳ 12 ದಿನ ಎಂದೋ ಮುಗಿಯಿತು. ಆಮೇಲೆ ಕೂಡಿಟ್ಟ ರಜೆ ಮುಗಿಯಿತು. ಈಗ ಲಾಸ್ ಆಫ್ ಪೇ, ಸಂಬಳ ಇಲ್ಲದ ರಜೆ. ಬೆಂಗಳೂರಿನ ಮನೆ ಬಾಡಿಗೆಯನ್ನು ನಾನು ಕಟ್ಟುತ್ತಿದ್ದೇನೆ. ಸಂಬಳ ತಗೊಂಡು ತಿರುಗುತ್ತಿದ್ದಾಳೆ ಅಂತ ಯಾರಾದರೂ ಅಂದುಕೊಂಡಿದ್ದರೆ, ಹಾಗಿಲ್ಲ.

ನಿಮ್ಮ ಟೀಮಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ರಾತ್ರಿ 11ರವರೆಗೆ ಬೇರೆಯವರ ಕೆಲಸವನ್ನೂ ಎಳೆದವಳಿಗೆ ಆ ಫೋಟೊ ನೋಡಿ ಹೊಟ್ಟೆ ಉರಿಯುವುದು ಸಹಜ. ಅವಳ ಸಿಟ್ಟನ್ನು ನಾನು ತಪ್ಪು ಅನ್ನಲ್ಲ. ಆದರೆ 7 ಜನರ ಕೆಲಸವನ್ನು 6 ಜನರ ತಲೆಗೆ ಕಟ್ಟಿದ್ದು ಗೋಕರ್ಣದ ಹುಡುಗ ಅಲ್ಲ. ಮೂರು ವಾರಕ್ಕೆ ಇನ್ನೊಬ್ಬರನ್ನು ಕೊಡಿ, ಇಲ್ಲ ರಿಲೀಸ್ ಮುಂದೆ ಹಾಕಿ ಅಂತ ನೀವು ಮೇಲಿನವರನ್ನು ಕೇಳಬೇಕಿತ್ತು. "ನನಗೂ ಸ್ಟ್ರೆಸ್ ಇದೆ" ಅಂದಳಲ್ಲ, ಅದು ನಿಜವಾಗಿದ್ದರೆ? ಡಾಕ್ಟರ್ ಹತ್ತಿರ ಹೋಗು ಅಂತ ಅವಳಿಗೂ ಹೇಳಬೇಕಿತ್ತು.

ಸುಳ್ಳು ಹೇಳಿ ರಜೆ ಹಾಕುವವರು ಇದ್ದಾರೆ, ಒಪ್ಪುತ್ತೇನೆ. ಅನುಮಾನ ಇದ್ದರೆ ಸರ್ಟಿಫಿಕೇಟ್ ಕೇಳಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಅನ್ನಿ. ಫೋಟೊದಿಂದ ಅವರು ಸಿಗಲ್ಲ ಅಣ್ಣ. ಸುಳ್ಳು ಹೇಳಿದವನು ಎಲ್ಲರಿಗಿಂತ ಮೊದಲು ಸ್ಟೇಟಸ್ ಮುಚ್ಚಿಡುತ್ತಾನೆ. ಸಿಕ್ಕಿಬೀಳುವುದು ಇವಳಂಥವರು, ಮುಚ್ಚಿಡಬೇಕು ಅಂತ ಹೊಳೆಯದವರು.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ರಘು ಅಣ್ಣ ಬರೆದದ್ದನ್ನು ನಾನು ಎರಡು ಸಲ ಓದಿದೆ.

ರಘು ಅಣ್ಣ: ಆ ಹುಡುಗ ವಾಪಸ್ ಬಂದ ಮೇಲೆ ನಾನು ಅವನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೀಟಿಂಗಿನಲ್ಲಿ ಎಲ್ಲರೆದುರಿಗೆ ಗೋಕರ್ಣ ಹೇಗಿತ್ತು ಅಂತ ಕೇಳಿದೆ. ಉಳಿದವರು ನಕ್ಕರು. ಎರಡು ತಿಂಗಳಿಗೆ ಕೆಲಸ ಬಿಟ್ಟ. ಯಾಕೆ ಅಂತ ನಾನು ಕೇಳಲಿಲ್ಲ.

ವೀಣಾ ಚಿಕ್ಕಮ್ಮ: ನಂಬರ್ ಇದ್ದರೆ ಈಗಲಾದರೂ ಒಂದು ಮೆಸೇಜ್ ಹಾಕು ರಘು. ನಿನ್ನ ಟೀಮಿನವರಿಗೆ 14416 ಅನ್ನುವ ನಂಬರನ್ನೂ ಕೊಟ್ಟಿರು. ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ದುಡ್ಡು ಇಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ.

ರಘು ಅಣ್ಣ: ಹಾಕುತ್ತೇನೆ ಚಿಕ್ಕಮ್ಮ. ಆದರೆ ಒಂದು ಮಾತು ನಾನು ಬಿಡಲ್ಲ. ಅವಳು ಹಾಕಿದ್ದು ತಪ್ಪು ಅಂತಲ್ಲ, ಅವಳಿಗೆ ತೊಂದರೆ ಆಗುತ್ತದೆ. ಆಫೀಸಿನವರು ಎಲ್ಲರೂ ನಿನ್ನ ಹಾಗೆ ಯೋಚಿಸಲ್ಲ. ಅವಳ ಮ್ಯಾನೇಜರ್ ಈ ಸ್ಟೇಟಸ್ ನೋಡಿರಬಹುದು.

ಇಲ್ಲಿ ನಾನು ಸೋತೆ. ಅವರು ಹೇಳಿದ್ದು ನಿಜ. ಕೆನಡಾದ ಕ್ವಿಬೆಕ್‌ನ ಒಂದು ಪ್ರಕರಣ 2009ರಲ್ಲಿ ಸುದ್ದಿಯಾಗಿತ್ತು. ಡಿಪ್ರೆಶನ್‌ಗೆ ಒಂದೂವರೆ ವರ್ಷದಿಂದ ರಜೆಯಲ್ಲಿದ್ದ ಐಬಿಎಂ ಉದ್ಯೋಗಿಯೊಬ್ಬಳಿಗೆ ವಿಮೆಯ ಹಣ ನಿಂತುಹೋಯಿತು. ಫೇಸ್‌ಬುಕ್ಕಿನಲ್ಲಿ ಹಾಕಿದ್ದ ಹುಟ್ಟುಹಬ್ಬದ ಮತ್ತು ಸಮುದ್ರ ತೀರದ ಫೋಟೊಗಳನ್ನು ವಿಮೆಯವರು ಎತ್ತಿ ಹೇಳಿದರು ಅಂತ ಅವಳು ಹೇಳಿದಳು. ಬರೀ ಫೇಸ್‌ಬುಕ್ ನೋಡಿ ನಾವು ಹಣ ನಿಲ್ಲಿಸಲ್ಲ ಅಂತ ವಿಮೆ ಕಂಪನಿ ಹೇಳಿತು. ಅವಳ ಡಾಕ್ಟರ್ ಕೂಡ ಹೊರಗೆ ಹೋಗು, ಸ್ನೇಹಿತರ ಜೊತೆ ಖುಷಿಯಾಗಿರು ಅಂತಲೇ ಹೇಳಿದ್ದರಂತೆ. ಆ ಪ್ರಕರಣದ ವಿಷಯ ನನಗೆ ಮೊದಲೇ ಗೊತ್ತಿತ್ತು. ಆದರೂ ಸೇತುವೆ ಮೇಲೆ ಅವಳು ಫೋನ್ ಕೈಗೆ ತಗೊಂಡಾಗ ಬೇಡ ಅನ್ನೋಕೆ ಬಾಯಿ ಬರಲಿಲ್ಲ. 5 ವಾರದಲ್ಲಿ ಅವಳು ತಾನಾಗಿಯೇ ಮಾಡಬೇಕು ಅಂತ ಮಾಡಿದ ಮೊದಲನೇ ಕೆಲಸ ಅದು.

ನಾನು: ಹೌದು ಅಣ್ಣ, ಅದು ಸರಿ. ಆಫೀಸಿನವರಿಗೆ ಕಾಣದ ಹಾಗೆ ಮಾಡಿಕೊಡುತ್ತೇನೆ. ತೆಗೆದುಹಾಕು ಅಂತ ಮಾತ್ರ ನಾನು ಹೇಳಲ್ಲ.

ಪ್ರಸನ್ನ: ಎದ್ದ ಮೇಲೆ ಅವಳಿಗೆ ಹೇಳು, ಫೋಟೊ ಚೆನ್ನಾಗಿ ಬಂದಿದೆ ಅಂತ. ಉತ್ತರ ಬರೆಯಬೇಕಾಗಿಲ್ಲ ಅಂತಲೂ ಹೇಳು.

ಒಂದೂವರೆಗೆ ದೊಡ್ಡಪ್ಪ ಹಾಕಿದ್ದ ಸ್ಕ್ರೀನ್‌ಶಾಟ್ ಇದ್ದ ಜಾಗದಲ್ಲಿ ಸಂದೇಶ ಅಳಿಸಲಾಗಿದೆ ಅಂತ ಬಂತು. ಅದರ ಹಿಂದೆಯೇ ಇದು.

ದೊಡ್ಡಪ್ಪ: ಪುಟ್ಟಿ, ಸ್ಟೇಟಸ್ ಹಾಕಿದ್ದು ನನಗೆ ಇನ್ನೂ ಸರಿ ಅನ್ನಿಸಿಲ್ಲ. ಅದು ಇರಲಿ. ಅವಳದ್ದನ್ನು ಕೇಳದೆ ನಾನು ಇಲ್ಲಿ ಹಾಕಬಾರದಿತ್ತು. ನಾಳೆ ಆರೂವರೆಗೆ ಕೆರೆ ಕಡೆ ಹೋಗುತ್ತೇನೆ. ಅವಳು ಬರುತ್ತಾಳಾ ಕೇಳು. ನಾನು ಏನೂ ಕೇಳಲ್ಲ, ಸುಮ್ನೆ ನಡೆಯುವುದು.

ನಾನು: ಮಾತ್ರೆ ಮಂಪರಿಗೆ ಬೆಳಿಗ್ಗೆ ಬೇಗ ಏಳೋಕೆ ಆಗಲ್ಲ ದೊಡ್ಡಪ್ಪ. 9 ಗಂಟೆಗೆ ಆಗುತ್ತಾ?

ದೊಡ್ಡಪ್ಪ: ಆಗುತ್ತೆ. ಬಿಸಿಲು ಇರುತ್ತದೆ, ಟೋಪಿ ತರುತ್ತೇನೆ.